ಬ್ರಿಕ್‌ಲಿಂಕ್ ಸ್ಟುಡಿಯೋ: ದುಡ್ಡು ಬೇಡ, ತಾಳ್ಮೆ ಬೇಕು

ಲೆಗೋ (ಒಂದಕ್ಕೊಂದು ಕೂರಿಸುವ ಪ್ಲಾಸ್ಟಿಕ್ ಇಟ್ಟಿಗೆ ಆಟಿಕೆ) ಡಬ್ಬಿಯಲ್ಲಿ ಬರುವಂಥ, ಹೆಜ್ಜೆ ಹೆಜ್ಜೆಯಾಗಿ ಕಟ್ಟುವುದನ್ನು ತೋರಿಸುವ ಪುಸ್ತಕ ನಾವೇ ಕಟ್ಟಿದ ಮಾಡೆಲ್‌ಗೂ ಬೇಕು ಅಂದರೆ, ನನ್ನ ಮಟ್ಟಿಗೆ ಬ್ರಿಕ್‌ಲಿಂಕ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ ಸಾಕು. ಪುಕ್ಕಟೆ ಸಿಗುತ್ತದೆ. ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ. ಇದನ್ನು ಮಾಡಿದ ಬ್ರಿಕ್‌ಲಿಂಕ್ ಕಂಪನಿಯನ್ನು 2019ರಲ್ಲಿ ಲೆಗೋ ಕಂಪನಿಯೇ ಕೊಂಡುಕೊಂಡಿತು, ಆಮೇಲೆ ತನ್ನ ಹಳೆಯ ಸಾಫ್ಟ್‌ವೇರ್ ಡಿಜಿಟಲ್ ಡಿಸೈನರ್ ನಿಲ್ಲಿಸಿ ಇದನ್ನೇ ಮುಂದೆ ತಂದಿತು.

ನಾನು ಮಾಡಿದ್ದು ನಮ್ಮ ಚಿತ್ರದುರ್ಗದ ಓಬವ್ವನ ಕಿಂಡಿ. ಬೇಕಂತಲೇ ಕಷ್ಟದ್ದನ್ನು ಆರಿಸಿಕೊಂಡೆ. ಕಾರು, ಮನೆ ಆದರೆ ಬಣ್ಣ ಬೇರೆ ಬೇರೆ ಇರುತ್ತದೆ, ಯಾವ ಪೀಸ್ ಎಲ್ಲಿ ಕೂತಿತು ಅಂತ ತಕ್ಷಣ ಗೊತ್ತಾಗುತ್ತದೆ. ಬಂಡೆ ಹಾಗಲ್ಲ. ಎಲ್ಲಾ ಬೂದು, ಎಲ್ಲಾ ಅಡ್ಡಾದಿಡ್ಡಿ. ಸ್ಟುಡಿಯೋ ಇಷ್ಟವಾಗಿದ್ದು ಇಲ್ಲೇ: ಪ್ರತಿ ಸ್ಟೆಪ್‌ನಲ್ಲಿ ಹೊಸದಾಗಿ ಸೇರುವ ಪೀಸ್‌ಗಳ ಸುತ್ತ ಬಣ್ಣದ ಗೆರೆ ಎಳೆದು ತೋರಿಸುತ್ತದೆ, ಪಕ್ಕದ ಚೌಕದಲ್ಲಿ ಯಾವ ಪೀಸ್ ಎಷ್ಟು ಬೇಕು ಅನ್ನೋದೂ ಬರುತ್ತದೆ. ಮೆಟ್ಟಿಲಿನಂಥ ಭಾಗಗಳನ್ನು ಸಬ್‌ಮಾಡೆಲ್ (ಬೇರೆಯಾಗಿ ಕಟ್ಟಿ ಆಮೇಲೆ ಜೋಡಿಸುವ ತುಂಡು) ಮಾಡಿಕೊಂಡರೆ ಅದರ ಸ್ಟೆಪ್‌ಗಳನ್ನೇ ಬೇರೆಯಾಗಿ ತೋರಿಸಬಹುದು. ಕೊನೆಗೆ ಎಲ್ಲಾ ಪೀಸ್‌ಗಳ ಪಟ್ಟಿ, ಪಿಡಿಎಫ್.

ಆದರೆ ಒಂದು ವಿಷಯ. ಪರದೆಯ ಮೇಲೆ ಭೂಮಿಯ ಸೆಳೆತ ಇಲ್ಲ, ಬೆರಳೂ ಇಲ್ಲ. ಮೇಲಿನ ಬಂಡೆ ಕೂರಿಸಿದ ಮೇಲೆ ಅದರ ಕೆಳಗೆ ಪ್ಲೇಟ್ (ತೆಳು ಪೀಸ್) ತುರುಕುವ ಸ್ಟೆಪ್ ಬರೆದರೂ ಸಾಫ್ಟ್‌ವೇರ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಹೈದರನ ಸೈನಿಕರಿಗೇ ಕಷ್ಟವಾದ ಕಿಂಡಿ, ನಮ್ಮ ಬೆರಳಿಗೆ ಸುಲಭ ಆಗುತ್ತಾ? ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ನೀವೇ ಯೋಚಿಸಬೇಕು. ದಾವಣಗೆರೆಯಲ್ಲಿರುವ ಅಣ್ಣನ ಮಗಳ ಕೈಗೆ ಪಿಡಿಎಫ್ ಕೊಟ್ಟು, ಬಾಯಿ ಮುಚ್ಚಿಕೊಂಡು ನೋಡುತ್ತಾ ಕೂತೆ. ಅವಳು ಎಲ್ಲೆಲ್ಲಿ ಪುಟ ಹಿಂದೆ ತಿರುಗಿಸಿದಳೋ, "ಚಿಕ್ಕಪ್ಪಾ, ಇದು ಯಾವ ಕಡೆಯಿಂದ?" ಅಂದಳೋ, ಅಲ್ಲೆಲ್ಲ ಸ್ಟೆಪ್ ಒಡೆದು ಎರಡು ಮಾಡಿದೆ, ಇಲ್ಲವೇ ಮಾಡೆಲನ್ನು ತಿರುಗಿಸಿ ತೋರಿಸಿದೆ. ಈ ಕೆಲಸ ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ.

ಪುಟ ಜೋಡಿಸುವುದು ಬೇಜಾರಿನ ಕೆಲಸ. ಚಿತ್ರ ಚಿಕ್ಕದು ಮಾಡು, ಚೌಕ ಸರಿಸು, ಮತ್ತೆ ಸರಿಸು. ಎಲ್‌ಪಬ್ 3ಡಿ ಅಂತ ಇನ್ನೊಂದಿದೆ, ಅದೂ ಪುಕ್ಕಟೆ, ಲಿನಕ್ಸ್‌ನಲ್ಲೂ ಓಡುತ್ತದೆ. ಹಿಡಿತ ಅದರಲ್ಲಿ ಜಾಸ್ತಿ, ಆದರೆ ಕಲಿಯೋಕೆ ಟೈಮ್ ಬೇಕು. ಮೊದಲ ಸಲಕ್ಕೆ ಅದು ಬೇಡ.

ಪಟ್ಟಿ ನೋಡಿ ಪೀಸ್ ಹುಡುಕುವಾಗ ಒಂದು ಲೆಕ್ಕ ನೆನಪಿರಲಿ: ಪ್ಲೇಟಿನ ಎತ್ತರ 3.2 ಮಿ.ಮೀ., ಬ್ರಿಕ್ಕಿನದು 9.6. ಮೂರು ಪ್ಲೇಟ್ ಇದ್ದರೆ ಒಂದು ಬ್ರಿಕ್ ಆಯ್ತು. ಮನೆಯ ಡಬ್ಬಿಯಲ್ಲಿ ಇರುವುದರಲ್ಲೇ ಹೊಂದಿಸಿಕೊಳ್ಳಬಹುದು, ಹೊರದೇಶದ ಅಂಗಡಿಯಿಂದ ತರಿಸಿದರೆ ಪೀಸ್‌ಗಿಂತ ಪೋಸ್ಟಿನ ಖರ್ಚೇ ಜಾಸ್ತಿ ಆಗಬಹುದು.

ಇನ್ನು ಪ್ರಿಂಟ್. ದಾವಣಗೆರೆಯ ಒಂದು ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸಿದರೆ ಕಡು ಬೂದು, ಕಪ್ಪು ಎರಡೂ ಒಂದೇ ಆಗಿ ಬಂದವು. ಕೇಳಿದರೆ "ನಿಮ್ಮ ಫೈಲೇ ಹಂಗಿದೆ ಸಾರ್" ಅಂದರು. ಮೊದಲು ಒಂದೇ ಪುಟ ಹಾಕಿಸಿ ನೋಡಿ, ಅದೂ ಕಪ್ಪು ಪೀಸ್ ಜಾಸ್ತಿ ಇರುವ ಪುಟ. ಟ್ಯಾಬ್ ಇದ್ದರೆ ಪ್ರಿಂಟೇ ಬೇಡ, ಜೂಮ್ ಮಾಡಿ ನೋಡಿಕೊಂಡು ಕಟ್ಟಬಹುದು.