ಸೋನೋಸ್‌ಗೆ ಯಾವ ಪ್ಲೇಯರ್? ರೂನ್, ಜೆರಿವರ್, ಆಡಿರ್ವಾನಾ, ಫೂಬಾರ್ ಅಕ್ಕಪಕ್ಕದಲ್ಲಿ

ಸದ್ದಿನ ಗುಣಮಟ್ಟಕ್ಕೆ ಹಾತೊರೆಯುವ ಆಡಿಯೊಫೈಲ್‌ಗಳಿಗಾಗಿ ಇರುವ ಕಂಪ್ಯೂಟರ್ ಪ್ಲೇಯರುಗಳು ದೊಡ್ಡಕ್ಷರದಲ್ಲಿ ಹೇಳಿಕೊಳ್ಳುವ ಸೌಲಭ್ಯಗಳಲ್ಲಿ ಬಹುಪಾಲು ಸೋನೋಸ್ ಸ್ಪೀಕರಿನ ಮುಂದೆ ಕೆಲಸಕ್ಕೆ ಬರುವುದಿಲ್ಲ. ಎಕ್ಸ್‌ಕ್ಲೂಸಿವ್ ಮೋಡ್, ಇಂಟಿಜರ್ ಮೋಡ್, ಡಿಎಸ್‌ಡಿ, 192 ಕಿಲೋಹರ್ಟ್ಸ್‌ಗೆ ಏರಿಸುವ ಅಪ್‌ಸ್ಯಾಂಪ್ಲಿಂಗ್, ಇವೆಲ್ಲ ಯುಎಸ್‌ಬಿ ಕೇಬಲ್‌ನಲ್ಲಿ ಡ್ಯಾಕ್ (ಡಿಜಿಟಲ್ ಡೇಟಾವನ್ನು ಸದ್ದಿನ ಸಿಗ್ನಲ್ಲಾಗಿಸುವ ಸಾಧನ) ಸಿಕ್ಕಿಸಿಕೊಂಡವರಿಗೆ. ಸೋನೋಸ್‌ನಲ್ಲಿ ಡ್ಯಾಕ್ ಸ್ಪೀಕರಿನೊಳಗೇ ಇರುತ್ತದೆ. ಕಂಪ್ಯೂಟರ್ ಹಾಡಿನ ಡೇಟಾವನ್ನು ವೈಫೈಯಲ್ಲಿ ತಲುಪಿಸುತ್ತದೆ, ಅಷ್ಟೇ. ಸೋನೋಸ್‌ನ ಈಗಿನ ಎಸ್2 ಸಾಫ್ಟ್‌ವೇರ್ ವ್ಯವಸ್ಥೆ 24 ಬಿಟ್, 48 ಕಿಲೋಹರ್ಟ್ಸ್‌ವರೆಗೆ ಒಪ್ಪುತ್ತದೆ. ಹಳೆಯ ಎಸ್1ಗೆ 16 ಬಿಟ್ಟೇ ಕೊನೆ. ಹಾಗಾಗಿ ಇಲ್ಲಿ ನೋಡಬೇಕಾದದ್ದು ಬೇರೆ: 96 ಕಿಲೋಹರ್ಟ್ಸ್‌ನ ಫೈಲ್ ಕೊಟ್ಟರೆ ಪ್ಲೇಯರ್ ಏನು ಮಾಡುತ್ತದೆ, ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ದಾಟುವಾಗ ಸದ್ದು ಕಡಿಯುತ್ತದೆಯೇ, ಲೈಬ್ರರಿ ಎಷ್ಟು ಅಚ್ಚುಕಟ್ಟು.

ಎರಡನೆಯದನ್ನು ಪರೀಕ್ಷಿಸಲು ನಮ್ಮ ಕಛೇರಿ ಸಂಗೀತದ ಆಲ್ಬಮ್ಮುಗಳಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕಾಗಿ ಕತ್ತರಿಸಿದ ಲೈವ್ ರೆಕಾರ್ಡಿಂಗ್ ಹಾಕಿ. ಹಿಂದೆ ತಂಬೂರಿ ಎಡೆಬಿಡದೆ ನುಡಿಯುತ್ತಿರುತ್ತದೆ. ಅರ್ಧ ಸೆಕೆಂಡ್ ಕಡಿದರೂ ಕಿವಿಗೆ ರಾಚುತ್ತದೆ.

ಪ್ಲೇಯರುಗಳಿಗೆ ಮೊದಲು ಸೋನೋಸ್‌ನ ಸ್ವಂತ ಆ್ಯಪ್. ನ್ಯಾಸ್‌ನಲ್ಲಿರುವ (ಮನೆಯ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಫೋಲ್ಡರನ್ನು ನೇರವಾಗಿ ಓದುತ್ತದೆ, ಕಂಪ್ಯೂಟರ್ ಆನ್ ಇರಬೇಕಿಲ್ಲ, ಟ್ರ್ಯಾಕುಗಳ ನಡುವೆ ಕಡಿತವೂ ಇಲ್ಲ. ಆದರೆ ಲೈಬ್ರರಿಗೆ 65,000 ಟ್ರ್ಯಾಕುಗಳ ಮಿತಿ ಇದೆ, 88.2 ಅಥವಾ 96ರ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲ್) ಸಿಕ್ಕರೆ ನುಡಿಸುವುದೇ ಇಲ್ಲ. ಸಂಗ್ರಹವೆಲ್ಲ ಸಿಡಿಯಿಂದ ತೆಗೆದ 44.1ರ ಫೈಲುಗಳೇ ಆಗಿದ್ದರೆ ಇಷ್ಟು ಸಾಕು, ಮುಂದಿನ ಖರ್ಚು ಬೇಡ.

ರೂನ್ ಸೋನೋಸ್ ಅನ್ನು ಗುರುತಿಸಿಯೇ ಮಾತಾಡುತ್ತದೆ. ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ ಸ್ಪೀಕರನ್ನು ಎನೇಬಲ್ ಮಾಡಿದರೆ ಸಾಕು. 96 ಬಂದರೆ 48ಕ್ಕೆ, 88.2 ಬಂದರೆ 44.1ಕ್ಕೆ ತಾನೇ ಇಳಿಸುತ್ತದೆ. ಹೀಗೆ ಇಳಿಸಿದಾಗ ಹಾಡು ಸಾಗುವ ದಾರಿಯನ್ನು ತೋರಿಸುವ ಸಿಗ್ನಲ್ ಪಾತ್‌ನ ಚುಕ್ಕೆ ನೇರಳೆಯಿಂದ ಹಸಿರಿಗೆ ತಿರುಗುತ್ತದೆ, ಅದು ದೋಷವಲ್ಲ. ತಂಬೂರಿ ಪರೀಕ್ಷೆಯಲ್ಲಿ ಇದೇ ಎಲ್ಲಕ್ಕಿಂತ ನಿರಾತಂಕ. ಒಂದು ಎಚ್ಚರಿಕೆ: ಏರ್‌ಪ್ಲೇ (ಆ್ಯಪಲ್‌ನ ವೈಫೈ ಪ್ರಸಾರ ವ್ಯವಸ್ಥೆ) ಇರುವ ಸ್ಪೀಕರ್ ಪಟ್ಟಿಯಲ್ಲಿ ಎರಡು ಸಲ ಕಾಣಬಹುದು, ಸೋನೋಸ್ ಹೆಸರಿನಲ್ಲೊಮ್ಮೆ, ಏರ್‌ಪ್ಲೇ ಹೆಸರಿನಲ್ಲೊಮ್ಮೆ. ಮೊದಲನೆಯದನ್ನೇ ಆರಿಸಿ. ಸೋನೋಸ್ ಕೋಣೆಗಳನ್ನು ಸೋನೋಸ್ ಕೋಣೆಗಳ ಜತೆ ಮಾತ್ರ ಗುಂಪು ಮಾಡಬಹುದು, ಬೇರೆ ಬಗೆಯ ಸ್ಪೀಕರ್ ಸೇರದು. ಕರ್ನಾಟಕ ಸಂಗೀತ, ದಾಸರ ಪದಗಳ ಆಲ್ಬಮ್ಮುಗಳನ್ನು ರೂನ್ ಅನೇಕ ಸಲ ಗುರುತಿಸುವುದಿಲ್ಲ, ಗುರುತಿಸಿದರೂ ವಾಗ್ಗೇಯಕಾರರ ಹೆಸರು ಅಸ್ತವ್ಯಸ್ತ. ಇಂಪೋರ್ಟ್ ಸೆಟ್ಟಿಂಗ್ಸ್‌ನಲ್ಲಿ ಫೈಲಿನ ಟ್ಯಾಗಿಗೇ ಆದ್ಯತೆ ಕೊಟ್ಟುಬಿಡಿ. ಆಜೀವ ಪರವಾನಗಿಗೆ 829.99 ಡಾಲರ್ ಎಂದಾಗ ಜೇಬು ಮುಟ್ಟಿ ನೋಡಿಕೊಳ್ಳುವುದು ಸಹಜ. ಅದಕ್ಕೂ ಮೇಲೆ ಸದಾ ಆನ್ ಇರುವ ಸರ್ವರ್ ಬೇಕು.

ಜೆರಿವರ್ ಮೀಡಿಯಾ ಸೆಂಟರ್ ಇದಕ್ಕೆ ತದ್ವಿರುದ್ಧ: ಅಗ್ಗ, ಹಟಮಾರಿ, ಆದರೆ ಹೇಳಿದ್ದನ್ನೆಲ್ಲ ಮಾಡುತ್ತದೆ. ಟೂಲ್ಸ್, ಆಪ್ಷನ್ಸ್, ಮೀಡಿಯಾ ನೆಟ್‌ವರ್ಕ್‌ಗೆ ಹೋಗಿ ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿ ಹಾಡು ಹಂಚುವ ವ್ಯವಸ್ಥೆ) ಸರ್ವರ್ ಒಂದನ್ನು ಸೇರಿಸಿ. ಆಡಿಯೊ ಪರಿವರ್ತನೆ 'ಅಗತ್ಯವಿದ್ದಾಗ ಮಾತ್ರ' ಎಂದಿದ್ದರೆ 96ರ ಫ್ಲ್ಯಾಕ್ ಹಾಗೇ ಹೊರಟು ಸ್ಪೀಕರ್ ಬಳಿ ಸತ್ತುಬೀಳಬಹುದು, ಏಕೆಂದರೆ ಸ್ಪೀಕರಿಗೆ ಫ್ಲ್ಯಾಕ್ ಗೊತ್ತು, 96 ಗೊತ್ತಿಲ್ಲ. ಯಾವಾಗಲೂ ಪರಿವರ್ತಿಸು ಎಂದು ಹೇಳಿ, ಆ ಸರ್ವರಿನ ಡಿಎಸ್‌ಪಿಯಲ್ಲಿ (ಸದ್ದನ್ನು ಸಂಸ್ಕರಿಸುವ ಭಾಗ) ಔಟ್‌ಪುಟ್ ಫಾರ್ಮ್ಯಾಟ್ ತೆರೆಯಿರಿ. 44.1 ಮತ್ತು 48ಕ್ಕೆ ಬದಲಾವಣೆ ಬೇಡ; 88.2 ಮತ್ತು 176.4ನ್ನು 44.1ಕ್ಕೆ, 96 ಮತ್ತು 192ನ್ನು 48ಕ್ಕೆ ಇಳಿಸಿ. ಎಲ್ಲವನ್ನೂ 48ಕ್ಕೆ ತಳ್ಳುವುದು ಸುಲಭ, ಆದರೆ ಸಿಡಿ ಫೈಲುಗಳನ್ನು ಸುಮ್ಮಸುಮ್ಮನೆ ಮರುಲೆಕ್ಕ ಹಾಕಿಸಿದಂತಾಗುತ್ತದೆ. ಮುಂದಿನ ಟ್ರ್ಯಾಕನ್ನು ಸ್ಪೀಕರಿಗೆ ಮೊದಲೇ ತಿಳಿಸುವ ಸೆಟ್‌ನೆಕ್ಸ್ಟ್ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವ ಆಯ್ಕೆಗೆ ಟಿಕ್ ಇರಬಾರದು. ಇದ್ದರೆ ತಾನಕ್ಕೂ ಪಲ್ಲವಿಗೂ ನಡುವೆ ಮೌನ ಬೀಳುತ್ತದೆ. ಲೈಬ್ರರಿಯ ಮಟ್ಟಿಗೆ ಇದನ್ನು ಮೀರಿಸುವುದು ಇಲ್ಲಿಲ್ಲ: ರಾಗ, ತಾಳ, ಅಂಕಿತ ಎಂದು ನಮಗೆ ಬೇಕಾದ ಫೀಲ್ಡುಗಳನ್ನು ಸೇರಿಸಿ, ಕಲ್ಯಾಣಿಯ ಕೃತಿಗಳನ್ನೆಲ್ಲ ಒಂದೇ ನೋಟದಲ್ಲಿ ತೆಗೆಯಬಹುದು.

ಆಡಿರ್ವಾನಾದ ಹೆಸರು ಬೆಳೆದದ್ದು ಮ್ಯಾಕ್‌ನಲ್ಲಿ, ಯುಎಸ್‌ಬಿ ಡ್ಯಾಕ್‌ಗಳ ಜತೆ. ಸೋನೋಸ್ ಇದರಲ್ಲಿ ಯುಪಿಎನ್‌ಪಿ (ನೆಟ್‌ವರ್ಕಿನ ಸಾಧನಗಳು ಒಂದನ್ನೊಂದು ಹುಡುಕಿಕೊಳ್ಳುವ ವಿಧಾನ) ಸಾಧನವಾಗಿ ಕಾಣುತ್ತದೆ. ಗರಿಷ್ಠ ಸ್ಯಾಂಪಲ್ ರೇಟ್ 48ಕ್ಕೆ ಮಿತಿಯಾಗಿದೆಯೇ ನೋಡಿ, ಅಪ್‌ಸ್ಯಾಂಪ್ಲಿಂಗ್ ಪೂರ್ತಿ ಆಫ್ ಮಾಡಿ. ಅದು ಆನ್ ಇದ್ದು, ಟ್ರ್ಯಾಕ್ ಶುರುವಾದ ಕೂಡಲೇ ನಿಲ್ಲುತ್ತಿದೆ ಎಂದು ಸ್ಪೀಕರನ್ನು ರೀಸೆಟ್ ಮಾಡುತ್ತ ಕೂರುವವರಿದ್ದಾರೆ. ಲ್ಯಾಪ್‌ಟಾಪ್ ನಿದ್ದೆಗೆ ಜಾರಿದರೆ ಹಾಡೂ ನಿಲ್ಲುತ್ತದೆ. ಡ್ಯಾಕ್ ಈಗಾಗಲೇ ಇದ್ದು, ಸೋನೋಸ್ ಅಡುಗೆಮನೆಯ ಎರಡನೇ ಸ್ಪೀಕರ್ ಆಗಿದ್ದರೆ ಆಡಿರ್ವಾನಾ ಸರಿ. ಸೋನೋಸ್ ಒಂದಕ್ಕಾಗಿಯೇ ಕೊಳ್ಳುವುದು ವ್ಯರ್ಥ. ಕೊಳ್ಳುವುದೇ ಆದರೆ, ಸ್ವಂತ ಫೈಲುಗಳಷ್ಟೇ ಇದ್ದವರಿಗೆ ಒಂದೇ ಸಲ ಹಣ ಕೊಡುವ ಒರಿಜಿನ್ ಸಾಕು. ಚಂದಾದ ಸ್ಟುಡಿಯೊ ಬೇಡ.

ಫೂಬಾರ್2000 ಉಚಿತ. ವಿಂಡೋಸ್‌ನಲ್ಲಿ ಯುಪಿಎನ್‌ಪಿ ಔಟ್‌ಪುಟ್ ಕಾಂಪೊನೆಂಟ್ ಹಾಕಿ, ಔಟ್‌ಪುಟ್ ಸಾಧನವಾಗಿ ಸ್ಪೀಕರನ್ನು ಆರಿಸಿ, ಡಿಎಸ್‌ಪಿ ಸಾಲಿಗೆ ಸಾಕ್ಸ್ ರೀಸ್ಯಾಂಪ್ಲರ್ ಸೇರಿಸಿ. ಪಾಸ್ ಒತ್ತಿದಾಗ ಬಫರ್‌ನಿಂದಾಗಿ ಸದ್ದು ತಡವಾಗಿ ನಿಲ್ಲುತ್ತದೆ. ಅಷ್ಟು ತಾಳ್ಮೆ ಇದ್ದವರಿಗೆ ಇದು ಸಾಕು.

ಏರ್‌ಪ್ಲೇ ಮೂಲಕ ಮ್ಯಾಕ್‌ನಿಂದ ಯಾವ ಪ್ಲೇಯರನ್ನಾದರೂ ಕಳಿಸಬಹುದಲ್ಲ ಎಂದರೆ, ಹೌದು, ಆದರೆ ಎಲ್ಲವೂ 16 ಬಿಟ್, 44.1ಕ್ಕೆ ಇಳಿಯುತ್ತದೆ, ಮೇಲ್ ಬಂದ ಟಿಂಗ್ ಸದ್ದೂ ಆಲಾಪನೆಯ ನಡುವೆ ಕೇಳಬಹುದು.

ಯಾವುದನ್ನೇ ಹಾಕಿದರೂ ಸ್ಪೀಕರ್ ಪಟ್ಟಿಯಲ್ಲಿ ಕಾಣದಿದ್ದರೆ ತಪ್ಪು ಸಾಮಾನ್ಯವಾಗಿ ನೆಟ್‌ವರ್ಕಿನದು. ಯುಪಿಎನ್‌ಪಿ ಹುಡುಕಾಟ 239.255.255.250 ವಿಳಾಸಕ್ಕೆ, ಯುಡಿಪಿ ಪೋರ್ಟ್ 1900ರಲ್ಲಿ ಮಲ್ಟಿಕಾಸ್ಟ್ ಆಗಿ ಹೋಗುತ್ತದೆ. ಗೆಸ್ಟ್ ವೈಫೈ, ಒಂದೇ ವೈಫೈಯ ಸಾಧನಗಳನ್ನು ಪರಸ್ಪರ ಬೇರ್ಪಡಿಸುವ ರೂಟರಿನ ಎಪಿ ಐಸೊಲೇಷನ್, ಕಚೇರಿಯ ವಿಪಿಎನ್ ಇದನ್ನು ತಡೆಯುತ್ತವೆ. ವಿಂಡೋಸ್‌ನಲ್ಲಿ ವೈಫೈ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಮಾಡಿ. ಬ್ರಾಡ್‌ಬ್ಯಾಂಡ್ ಕಂಪನಿ ಕೊಟ್ಟ ರೂಟರಿಗೆ ಇನ್ನೊಂದು ರೂಟರ್ ಜೋಡಿಸಿದ ಮನೆಗಳಲ್ಲಿ ಲ್ಯಾಪ್‌ಟಾಪ್ ಒಂದರಲ್ಲಿ, ಸ್ಪೀಕರ್ ಇನ್ನೊಂದರಲ್ಲಿ ಸಿಕ್ಕಿಕೊಂಡಿರುತ್ತವೆ. ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿದರೆ ಪಟ್ಟಿಯಲ್ಲಿ ಸ್ಪೀಕರ್ ಬಂದು ಕೂರುತ್ತದೆ.