ಟರ್ಬೊ ಟ್ರ್ಯಾಕ್ಟರ್ ಮಾರಿ ಮಿನಿ ಟ್ರ್ಯಾಕ್ಟರ್ ತಂದ ಮೇಲೆ: ದ್ರಾಕ್ಷಿ ತೋಟದಲ್ಲಿ ಮೂರು ವರ್ಷಗಳ ಬಳಕೆ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿರುವ ನಮ್ಮ ಆರು ಎಕರೆ ದ್ರಾಕ್ಷಿ ತೋಟದಲ್ಲಿ 2016ರಿಂದ 2022ರವರೆಗೆ 55 ಎಚ್‌ಪಿಯ ಟರ್ಬೊ ಟ್ರ್ಯಾಕ್ಟರ್ ದುಡಿಯಿತು. 2022ರ ಆಗಸ್ಟ್‌ನಲ್ಲಿ ಅದನ್ನು ಮಾರಿ, ಟರ್ಬೊ ಇಲ್ಲದ, ನಾಲ್ಕೂ ಗಾಲಿಗಳು ಎಳೆಯುವ 27 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ತಂದೆವು. ಈಗ ಅದರ ಅವರ್ ಮೀಟರ್ 1,300 ತಾಸು ದಾಟಿದೆ. ಕಂಪನಿಗಳ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಬೇಕಾಗಿರುವುದು ಒಂದು ಮಾದರಿಯ ಕುರಿತಲ್ಲ, ದ್ರಾಕ್ಷಿ ಬೆಳೆಯುವವನಿಗೆ ಯಾವ ತೂಕದ, ಯಾವ ಅಗಲದ ಯಂತ್ರ ಬೇಕು ಎಂಬುದರ ಕುರಿತು.

ಹಳೆಯ ಟ್ರ್ಯಾಕ್ಟರ್ ಕೆಟ್ಟದ್ದಾಗಿತ್ತೆಂದು ಮಾರಲಿಲ್ಲ. ಎರೆಭೂಮಿಯಲ್ಲಿ ಪಲ್ಟಿ ನೇಗಿಲು ಹಾಕಿದಾಗ ಅದು ಎಳೆಯುತ್ತಿದ್ದ ರೀತಿಯನ್ನು ನೋಡಿ ನಿಂತವರು ನೋಡುತ್ತಲೇ ನಿಲ್ಲುತ್ತಿದ್ದರು. ಟರ್ಬೊ ಎಂದರೆ ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯ ರಭಸದಿಂದಲೇ ಒಂದು ಚಿಕ್ಕ ಚಕ್ರವನ್ನು ತಿರುಗಿಸಿ, ಅದರ ಬಲದಿಂದ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ವ್ಯವಸ್ಥೆ. ಗಾಳಿ ಹೆಚ್ಚು ಹೋದಷ್ಟೂ ಹೆಚ್ಚು ಡೀಸೆಲ್ ಸುಡಬಹುದು, ಹೀಗಾಗಿ ಅದೇ ಗಾತ್ರದ ಎಂಜಿನ್ ಹೆಚ್ಚು ಶಕ್ತಿ ಕೊಡುತ್ತದೆ. ಗಾಳಿ ತೆಳುವಾಗಿರುವ ಎತ್ತರದ ಪರ್ವತ ಪ್ರದೇಶದಲ್ಲಿ ಇದರ ಉಪಕಾರ ಇನ್ನೂ ದೊಡ್ಡದು. ನಮ್ಮ ವಿಜಯಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ ಟರ್ಬೊ ಇಲ್ಲದ ಎಂಜಿನ್ ಕಳೆದುಕೊಳ್ಳುವ ಶಕ್ತಿ ಅಲ್ಪವೇ. ಆದರೆ ಭಾರವಾದ ಎಳೆತದ ಕೆಲಸಕ್ಕೆ ಟರ್ಬೊ ಇಲ್ಲಿಯೂ ಸಾರ್ಥಕ, ಅದರಲ್ಲಿ ಎರಡು ಮಾತಿಲ್ಲ.

ನಮ್ಮ ತೊಂದರೆ ಇದ್ದದ್ದು ಬೇರೆ ಕಡೆಗೆ. ದ್ರಾಕ್ಷಿಯಲ್ಲಿ ಟ್ರ್ಯಾಕ್ಟರ್ ವರ್ಷದಲ್ಲಿ ಎಷ್ಟು ತಾಸು ಯಾವ ಕೆಲಸ ಮಾಡುತ್ತದೆ ಎಂದು ಒಮ್ಮೆ ಪುಸ್ತಕದಲ್ಲಿ ಬರೆದಿಟ್ಟು ನೋಡಿದಾಗ, ಮುಕ್ಕಾಲು ಪಾಲು ತಾಸುಗಳು ಬ್ಲೋವರ್ (ಫ್ಯಾನಿನ ಗಾಳಿಯಿಂದ ಔಷಧ ಸಿಂಪಡಿಸುವ ಯಂತ್ರ) ಓಡಿಸಿ ಔಷಧ ಹೊಡೆಯುವುದಕ್ಕೇ ಹೋಗಿದ್ದವು. ನಮ್ಮ ಬ್ಲೋವರಿಗೆ ಬೇಕಾಗುವ ಶಕ್ತಿ 20 ಎಚ್‌ಪಿಯ ಆಸುಪಾಸು. ಎಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಯಂತ್ರಕ್ಕೆ ಕೊಡುವ ಪಿಟಿಓ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು, ಸಾಲಿನಲ್ಲಿ ತಾಸಿಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ ನಡೆಯಬೇಕು, ಇದಕ್ಕಿಂತ ವೇಗವಾಗಿ ಹೋದರೆ ಔಷಧ ಎಲೆಯ ಒಳಮೈಗೆ ತಲುಪುವುದಿಲ್ಲ. ಅಂದರೆ 55 ಎಚ್‌ಪಿಯಲ್ಲಿ ಅರ್ಧಕ್ಕಿಂತ ಹೆಚ್ಚಿನದು ಕೆಲಸಕ್ಕೆ ಬಾರದೆ ಉಳಿಯುತ್ತಿತ್ತು. ಆದರೆ ಆ ಶಕ್ತಿಯ ಜೊತೆಗೆ ಬಂದಿದ್ದ ತೂಕವನ್ನು ಮಾತ್ರ ಪ್ರತಿ ಸಾಲಿನಲ್ಲಿಯೂ ನಮ್ಮ ಮಣ್ಣು ಹೊರುತ್ತಿತ್ತು.

ತೂಕದ ಮಾತನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೆಯ ಟ್ರ್ಯಾಕ್ಟರ್ ಎರಡು ಟನ್ನಿಗೂ ಮಿಕ್ಕಿ ತೂಗುತ್ತಿತ್ತು, ಅದರ ಹಿಂದೆ 600 ಲೀಟರ್ ನೀರು ತುಂಬಿದ ಬ್ಲೋವರ್. ಒಟ್ಟು ಮೂರು ಟನ್ನಿನ ಮೇಲಾಗುತ್ತಿದ್ದ ಈ ಭಾರ ಒಂದು ಹಂಗಾಮಿನಲ್ಲಿ ಒಂದೇ ಜಾಡಿನ ಮೇಲೆ ಹತ್ತಾರು ಸಲ ಹಾಯುತ್ತದೆ. ದ್ರಾಕ್ಷಿಯಲ್ಲಿ ಸಾಲು ಬದಲಿಸಲು ಬರುವುದಿಲ್ಲ. ಹತ್ತು ಅಡಿಯ ಸಾಲಿನಲ್ಲಿ ಗಾಲಿ ಹೋದಲ್ಲೇ ಹೋಗಬೇಕು. 2021ರ ಬೇಸಿಗೆಯಲ್ಲಿ ಗಾಲಿಯ ಜಾಡಿನಲ್ಲಿ ಹಾರೆ ಹಾಕಿ ತಗ್ಗು ತೋಡಿಸಿದೆ. ಒಂದು ಅಡಿ ಆಳದಲ್ಲಿ ಮಣ್ಣು ಹಂಚಿನಂತೆ ಗಟ್ಟಿಯಾಗಿ ಪದರುಗಟ್ಟಿತ್ತು, ಬಳ್ಳಿಯ ಬಿಳಿ ಬೇರುಗಳು ಅಲ್ಲಿಯವರೆಗೆ ಬಂದು ಅಡ್ಡ ತಿರುಗಿದ್ದವು. ಅದೇ ಸಾಲಿನಲ್ಲಿ ಗಾಲಿ ಹಾಯದ ನಡುಭಾಗದಲ್ಲಿ ಬೇರು ಎರಡು ಅಡಿಯವರೆಗೂ ಇಳಿದಿತ್ತು. ಮೇಲ್ಮಣ್ಣು ಎಷ್ಟು ಒತ್ತುತ್ತದೆ ಎಂಬುದನ್ನು ಟೈರಿನ ಅಗಲ ಮತ್ತು ಗಾಳಿಯ ಒತ್ತಡ ನಿರ್ಧರಿಸಿದರೆ, ಕೆಳಗಿನ ಮಣ್ಣು ಎಷ್ಟು ಒತ್ತುತ್ತದೆ ಎಂಬುದನ್ನು ಮುಖ್ಯವಾಗಿ ಗಾಲಿಗಳ ಅಚ್ಚಿನ (ಆಕ್ಸಲ್) ಮೇಲೆ ಬೀಳುವ ಒಟ್ಟು ಭಾರವೇ ನಿರ್ಧರಿಸುತ್ತದೆ. ಅಗಲವಾದ ಟೈರು ಹಾಕಿಸಿದರೆ ಆಯಿತು ಎಂದು ನಾನು ಕೆಲವು ವರ್ಷ ನಂಬಿದ್ದೆ. ಆ ನಂಬಿಕೆ ಅರ್ಧ ಮಾತ್ರ ಸರಿ ಎಂದು ತಿಳಿದದ್ದು ಆ ತಗ್ಗನ್ನು ನೋಡಿದ ದಿನ.

ಅಕ್ಟೋಬರ್ ಚಾಟಣಿಯ (ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ) ಹೊತ್ತಿನ ಕಷ್ಟ ಇದಕ್ಕಿಂತಲೂ ತುರ್ತಿನದು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕಡ್ಡಿ ತಯಾರಿಗೆ ಒಂದು ಚಾಟಣಿ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಎರಡನೆಯದರ ನಂತರ ಚಿಗುರು ಎಳೆಯದಾಗಿರುವಾಗಲೇ ಹಿಂಗಾರಿ ಮಳೆ ಬರುತ್ತದೆ, ಎಲೆ, ಗೊನೆ ಕೆಡಿಸುವ ಡೌನಿ ಎಂಬ ಬೂಷ್ಟು ರೋಗಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಎಲೆ ರಾತ್ರಿಯೆಲ್ಲ ತೊಯ್ದಿದ್ದರೆ ಅಷ್ಟರಲ್ಲಿಯೇ ಸೋಂಕು ತಗಲುತ್ತದೆ. ಎಲೆಯ ಮೇಲೆ ಎಣ್ಣೆಯಂತಹ ಚುಕ್ಕೆ ನಮ್ಮ ಕಣ್ಣಿಗೆ ಬೀಳುವುದು ಕೆಲವು ದಿನ ಕಳೆದ ಮೇಲೆ, ಆಗ ಗೊನೆಗೂ ಹಬ್ಬಿರುತ್ತದೆ. ಹೀಗಾಗಿ ಮಳೆ ನಿಂತ ಮೇಲೆ ಎಷ್ಟು ಬೇಗ ಸಾಲಿನೊಳಗೆ ಹೋಗಲು ಸಾಧ್ಯ ಎಂಬುದರ ಮೇಲೆಯೇ ಬೆಳೆ ನಿಂತಿರುತ್ತದೆ. ಎರೆಮಣ್ಣಿನಲ್ಲಿ ದೊಡ್ಡ ಟ್ರ್ಯಾಕ್ಟರ್ ಇಳಿಸಬೇಕಾದರೆ ನಾವು ಎರಡು ದಿನ, ಕೆಲವೊಮ್ಮೆ ಮೂರು ದಿನ ಕಾಯುತ್ತಿದ್ದೆವು. ಕಾಯದೆ ಇಳಿಸಿದ ಒಂದು ಸಲ ಹಿಂದಿನ ಗಾಲಿ ಅಚ್ಚಿನವರೆಗೆ ಹೂತು, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್ ತರಿಸಿ, ಆ ಗದ್ದಲದಲ್ಲಿ ಎರಡು ಕಲ್ಲುಕಂಬಗಳು ವಾಲಿ ತಂತಿ ಸಡಿಲಾಯಿತು. 2019ರ ಅಕ್ಟೋಬರ್‌ನಲ್ಲಿ ಟರ್ಬೊದ ಬೇರಿಂಗ್ ಹೋಗಿ ನಾಲ್ಕು ದಿನ ಟ್ರ್ಯಾಕ್ಟರ್ ನಿಂತಿತು. ಹೆಚ್ಚು ಲೋಡಿನಲ್ಲಿ ದುಡಿದ ಟರ್ಬೊ ಎಂಜಿನ್ನನ್ನು ಬಂದ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ನಿಧಾನವಾಗಿ ಓಡಲು ಬಿಡಬೇಕು, ಇಲ್ಲದಿದ್ದರೆ ಬಿಸಿಯಾಗಿರುವ ಬೇರಿಂಗಿಗೆ ಆಯಿಲ್ ಹೋಗುವುದು ನಿಂತು ಅದು ಸುಡುತ್ತದೆ. ಊಟದ ಹೊತ್ತಿಗೆ ಅವಸರದಿಂದ ಕೀಲಿ ತಿರುವಿದ ನಮ್ಮದೇ ರೂಢಿ ಅದಕ್ಕೆ ಕಾರಣವಾಗಿತ್ತು ಎಂದು ಮೇಸ್ತ್ರಿ ವಿವರಿಸಿದರು. ಆ ವರ್ಷ ಎರಡು ಎಕರೆಯ ಗೊನೆ ಡೌನಿಗೆ ಹೋಯಿತು.

ಹೊಸ ಟ್ರ್ಯಾಕ್ಟರ್ ಅಂಗಳದಲ್ಲಿ ಇಳಿದ ದಿನ ನಮ್ಮ ಕಾಕಾ ಅದರ ಸುತ್ತ ಒಂದು ಸುತ್ತು ಹಾಕಿ, “ಇದೇನ ಆಟಗಿ ಸಾಮಾನ ತಂದೀಯಲ್ಲೋ ತಮ್ಮಾ, ಎರಿ ಮಣ್ಣಾಗ ಇದು ನಿಂದರತೈತೇನು?” ಎಂದು ಕೇಳಿದರು. ಅವರ ಸಂಶಯ ನನಗೂ ಇತ್ತು. ಟನ್ನಿಗೂ ಕಡಿಮೆ ತೂಗುವ, ನಾಲ್ಕು ಅಡಿಗಿಂತ ಕಡಿಮೆ ಅಗಲದ ಯಂತ್ರವದು. ಆ ಅಕ್ಟೋಬರ್‌ನಲ್ಲಿ ಮಳೆ ನಿಂತ ಮರುದಿನ ಮಧ್ಯಾಹ್ನವೇ ನಾವು ಸಾಲಿಗೆ ಇಳಿದೆವು. ಗಾಲಿಗೆ ಮಣ್ಣು ಮೆತ್ತಿತು, ಎರಡು ಕಡೆ ಜಾರಿತು, ಆದರೆ ಹೂಳಲಿಲ್ಲ. ಮುಂದಿನ ಗಾಲಿಗಳೂ ಎಳೆಯುವುದರಿಂದ ಜಾರಿದಲ್ಲಿಯೇ ತಾನಾಗಿ ಮುಂದೆ ಬಂತು. ಮೂರು ಹಂಗಾಮುಗಳ ಅನುಭವದಿಂದ ಹೇಳುವುದಾದರೆ, ಮಳೆಯ ನಂತರ ಮೊದಲಿಗಿಂತ ಕನಿಷ್ಠ ಒಂದು ದಿನ ಮುಂಚೆ ಔಷಧ ಹೊಡೆಯಲು ಆಗುತ್ತಿದೆ. ಇದೊಂದೇ ಕಾರಣಕ್ಕಾಗಿಯೂ ನಾನು ಈ ಆಯ್ಕೆಯನ್ನು ಮತ್ತೆ ಮಾಡುತ್ತೇನೆ.

ಅಗಲ ಕಡಿಮೆಯಾದದ್ದರ ಲಾಭವನ್ನು ನಾನು ಮೊದಲು ಎಣಿಸಿರಲಿಲ್ಲ. ನಮ್ಮದು ವೈ ಆಕಾರದ ಚಪ್ಪರ; ಡಿಸೆಂಬರ್ ಹೊತ್ತಿಗೆ ಎರಡೂ ಬದಿಯ ಕಡ್ಡಿಗಳು ಸಾಲಿನೊಳಗೆ ಇಳಿಬಿದ್ದಾಗ ನಡುವೆ ಉಳಿಯುವ ದಾರಿ ಐದಾರು ಅಡಿ. ದೊಡ್ಡ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಪ್ರತಿ ಸಾಲಿನಲ್ಲಿ ಎಲೆ ಹರಿಯುತ್ತಿತ್ತು, ಗೊನೆಯ ಹೆಗಲಿನ ಕಾಳು ಉದುರಿಸುತ್ತಿತ್ತು, ಪೆಟ್ಟು ಬಿದ್ದ ಕಾಳು ಕೊಳೆತು ಪಕ್ಕದ ಕಾಳನ್ನೂ ಕೆಡಿಸುತ್ತಿತ್ತು. ಒಣದ್ರಾಕ್ಷಿ ಮಾಡುವವರಿಗೆ ಇದು ಸಣ್ಣ ಮಾತಲ್ಲ, ಏಕೆಂದರೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುತ್ತದೆ, ಒಡೆದ ಕಾಳು ಮಾತ್ರ ಶೆಡ್ಡಿನ ಜಾಳಿಗೆಯ ಮೇಲೆ ಕಪ್ಪಾಗಿ ಇಡೀ ಮಾಲಿನ ದರ್ಜೆಯನ್ನೇ ಇಳಿಸುತ್ತದೆ. ಸಾಲಿನ ತುದಿಯಲ್ಲಿ ಹೊರಳಿಸುವುದೂ ಹಗುರವಾಗಿದೆ. ಮೊದಲು ಬದುವಿನ ಕಡೆ ಹಿಂದೆ ಮುಂದೆ ಮಾಡದೆ ತಿರುಗುತ್ತಿರಲಿಲ್ಲ, ಅದಕ್ಕಾಗಿಯೇ ಒಂದು ಸಾಲು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಿದ್ದೆವು. ಈಗ ಪಕ್ಕದ ಸಾಲಿಗೇ ಒಂದೇ ತಿರುವಿನಲ್ಲಿ ಹೋಗಬಹುದು.

ಡೀಸೆಲ್ ಲೆಕ್ಕ ಹೀಗಿದೆ: ಬ್ಲೋವರ್ ಓಡಿಸುವಾಗ ಹಳೆಯದು ತಾಸಿಗೆ ಐದು ಲೀಟರಿನ ಆಸುಪಾಸು ಕುಡಿಯುತ್ತಿತ್ತು, ಇದು ಮೂರು ಲೀಟರಿನೊಳಗೆ ಮುಗಿಸುತ್ತದೆ.

ಆದರೆ ಬ್ಲೋವರನ್ನು ಬದಲಿಸದೆ ಟ್ರ್ಯಾಕ್ಟರ್ ಮಾತ್ರ ಬದಲಿಸಿದ್ದು ನನ್ನ ತಪ್ಪು. ಮೊದಲ ಹಂಗಾಮಿನಲ್ಲಿ ಹಳೆಯ 600 ಲೀಟರಿನ, ಎಳೆದುಕೊಂಡು ಹೋಗುವ ಬ್ಲೋವರನ್ನೇ ಕಟ್ಟಿದೆವು. ತುಂಬಿದ ಟಾಕಿ ತಿರುವಿನಲ್ಲಿ ಟ್ರ್ಯಾಕ್ಟರನ್ನೇ ಬದಿಗೆ ದೂಡುತ್ತಿತ್ತು, ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತಿತ್ತು. ಎರಡನೆಯ ವರ್ಷ ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿನ ಮೇಲೆ ಕೂರುವ 400 ಲೀಟರಿನ ಬ್ಲೋವರ್ ತಂದೆವು. ಟ್ರ್ಯಾಕ್ಟರಿನ ಲಿಫ್ಟ್ ಎತ್ತುವ ಮಿತಿ 750 ಕಿಲೋ. ತುಂಬಿದ ಟಾಕಿ ಅದರೊಳಗೇ ಬರುತ್ತದೆಯಾದರೂ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ಬಿಟ್ಟಂತಾಗುತ್ತಿತ್ತು, ಮುಂದೆ ಕಬ್ಬಿಣದ ತೂಕ ಹಾಕಿಸಿದ ಮೇಲೆ ಸರಿಯಾಯಿತು. ಎಲೆ ತುಂಬಿದಾಗ ಎಕರೆಗೆ 400 ಲೀಟರ್ ನೀರು ಬೇಕು, ಹೀಗಾಗಿ ಆರು ಎಕರೆಗೆ ಆರು ಸಲ ಟಾಕಿ ತುಂಬಬೇಕು, ಮೊದಲು ನಾಲ್ಕೇ ಸಲ ಸಾಕಾಗುತ್ತಿತ್ತು. ಈ ನಷ್ಟವನ್ನು ತೋಟದ ನಡುವಿನ ದಾರಿಗೆ ಒಂದು ಸಿಂಟೆಕ್ಸ್ ಟಾಕಿ ಇರಿಸಿ ತುಂಬಿಕೊಂಡೆವು.

ಇದರಿಂದ ಆಗದ ಕೆಲಸಗಳನ್ನು ಮುಚ್ಚಿಡುವುದು ಸರಿಯಲ್ಲ. ಆಳವಾದ ನೇಗಿಲ ಕೆಲಸ ಆಗುವುದಿಲ್ಲ. ಗಾಲಿಯ ಜಾಡಿನ ಗಟ್ಟಿ ಪದರನ್ನು ಒಡೆಯಲು ಏಪ್ರಿಲ್ ಚಾಟಣಿಯ ಮುಂಚೆ ಎರಡು ವರ್ಷ ದೊಡ್ಡ ಟ್ರ್ಯಾಕ್ಟರನ್ನೇ ಬಾಡಿಗೆಗೆ ತರಿಸಿ ಸಬ್‌ಸಾಯಿಲರ್ ಹಾಯಿಸಿದೆವು. ಹಗುರ ಟ್ರ್ಯಾಕ್ಟರ್ ಮತ್ತೆ ಮಣ್ಣು ಒತ್ತದಂತೆ ಕಾಯುತ್ತದೆಯೇ ಹೊರತು ಒತ್ತಿದ ಮಣ್ಣನ್ನು ತಾನೇ ಬಿಡಿಸುವುದಿಲ್ಲ. ಕಳೆದ ಬೇಸಿಗೆಯಲ್ಲಿ ಮತ್ತೆ ತಗ್ಗು ತೋಡಿದಾಗ ಜಾಡಿನ ಕೆಳಗೆ ಬಿಳಿ ಬೇರು ಕಂಡಿತು, ಅದಕ್ಕೆ ಈ ಎರಡೂ ಕಾರಣ. ಟ್ರ್ಯಾಲಿಯ ವಿಷಯದಲ್ಲಿ ಎಚ್ಚರಿಕೆಯನ್ನೇ ಹೇಳುತ್ತೇನೆ. ಎರಡು ಟನ್ನಿನಷ್ಟು ಒಣದ್ರಾಕ್ಷಿ ಬಾಕ್ಸುಗಳನ್ನು ಹೇರಿಕೊಂಡು ಕಾಲುವೆಯ ಏರಿ ಇಳಿಯುವಾಗ ಟ್ರ್ಯಾಲಿಯೇ ಟ್ರ್ಯಾಕ್ಟರನ್ನು ನೂಕಿಕೊಂಡು ಹೋಯಿತು, ಬ್ರೇಕ್ ಹಿಡಿದರೂ ಗಾಲಿ ಜಾರಿತು. ಕೆಳಗೆ ಸಮತಟ್ಟಾದ ಹೊಲವಿದ್ದುದರಿಂದ ಉಳಿದೆವು. ತನಗಿಂತ ಭಾರವಾದದ್ದನ್ನು ಈ ಯಂತ್ರ ಎಳೆಯಬಲ್ಲದು, ಆದರೆ ನಿಲ್ಲಿಸಲಾರದು. ಅಂದಿನಿಂದ ಮಹಾರಾಷ್ಟ್ರದ ಒಣದ್ರಾಕ್ಷಿ ಮಾರುಕಟ್ಟೆಗಳಾದ ಸಾಂಗ್ಲಿಗೆ, ತಾಸಗಾಂವಕ್ಕೆ ಮಾಲು ಕಳಿಸಲು ಗೂಡ್ಸ್ ಗಾಡಿಯನ್ನೇ ಹೇಳುತ್ತೇವೆ.

ಕಬ್ಬು ಮತ್ತು ದ್ರಾಕ್ಷಿ ಎರಡನ್ನೂ ಒಂದೇ ಟ್ರ್ಯಾಕ್ಟರಿನಲ್ಲಿ ನಿಭಾಯಿಸಬೇಕಾದವರಿಗೆ ಇದು ಸಾಕಾಗುವುದಿಲ್ಲ. ನಮ್ಮ ಹಳೆಯ ಟರ್ಬೊವನ್ನು ಕೊಂಡವರು ಜಮಖಂಡಿ ಕಡೆಯ ಕಬ್ಬಿನ ರೈತರು, ಅಲ್ಲಿ ಅದು ತನ್ನ ಶಕ್ತಿಗೆ ತಕ್ಕ ಕೆಲಸದಲ್ಲಿದೆ ಎಂದು ಕೇಳಿ ನನಗೆ ಸಮಾಧಾನವಾಯಿತು.

ನಿರ್ವಹಣೆಯಲ್ಲಿ ಮೂರು ಸಂಗತಿಗಳು ಕಾಡಿವೆ. ರೇಡಿಯೇಟರ್ ಕೆಳಮಟ್ಟದಲ್ಲಿರುವುದರಿಂದ ಚಾಟಣಿಯ ಒಣ ಎಲೆ ಅದರ ಜಾಳಿಗೆಗೆ ಅಂಟಿಕೊಳ್ಳುತ್ತದೆ. 40 ಡಿಗ್ರಿಯ ಬಿಸಿಲಿನಲ್ಲಿ ರೋಟಾವೇಟರ್ ಹೊಡೆಯುವಾಗ ಎರಡು ತಾಸಿಗೊಮ್ಮೆ ಇಳಿದು ಸ್ವಚ್ಛ ಮಾಡದಿದ್ದರೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ. ಮುಂದಿನ ಅಚ್ಚಿನ ಆಯಿಲ್ ಸೀಲು ಸೋರಲು ಶುರುವಾದಾಗ ಬಿಡಿಭಾಗ ಬರಲು ಎಂಟು ದಿನ ಹಿಡಿಯಿತು. ಹೀಗಾಗಿ ಕೊಳ್ಳುವ ಮುನ್ನ ಶೋರೂಮಿನ ಮಾತಿಗಿಂತ, ಅದೇ ಟ್ರ್ಯಾಕ್ಟರ್ ಇರುವ ಇಬ್ಬರು ಬೆಳೆಗಾರರನ್ನು ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಕೇಳುವುದು ಒಳಿತು. ಬೆಲೆಯ ಮಟ್ಟಿಗೆ, 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿರುವುದರಿಂದ ಈಗ ಕೊಳ್ಳುವವರಿಗೆ ನಮಗಿಂತ ಹಗುರಾಗುತ್ತದೆ.

ನಿರ್ವಹಣೆಯಲ್ಲಿ ಕಾಡಿದ ಮೂರನೆಯದು ಮುಂದಿನ ಟೈರು. ಡಾಂಬರು ರಸ್ತೆಯಲ್ಲಿ ಹೋಗುವಾಗ ಮುಂದಿನ ಗಾಲಿಗಳಿಗೂ ಎಳೆತ ಕೊಡುವ ಲಿವರ್ ಬಿಡಿಸಬೇಕು. ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಎಳೆಯುವಂತೆ ಅವುಗಳನ್ನು ಜೋಡಿಸಿರುತ್ತಾರೆ, ಮೆತ್ತನೆಯ ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿ ಹೋಗುತ್ತದೆ, ಡಾಂಬರಿನ ಮೇಲೆ ಟೈರನ್ನು ಉಜ್ಜುತ್ತದೆ. ನಾವು ಮೊದಲ ವರ್ಷ ಇದನ್ನು ತಿಳಿಯದೆ ಊರಿನಿಂದ ತೋಟಕ್ಕೆ ಲಿವರ್ ಹಾಕಿಕೊಂಡೇ ಓಡಾಡಿದೆವು. ಅದರ ಫಲವಾಗಿ ಮುಂದಿನ ಎರಡೂ ಟೈರುಗಳ ಹಲ್ಲು ಸವೆದು ಅರ್ಧಕ್ಕೆ ಬಂದಿವೆ, ಬರುವ ಅಕ್ಟೋಬರ್ ಚಾಟಣಿಗೆ ಮೊದಲು ಅವನ್ನು ಬದಲಿಸಬೇಕಾಗಿದೆ.