ಹಳೆಯ ಬಿಲ್ಲು ಕೊಳ್ಳುವವರೇ, ಅದರ ಮೇಲೆ ಸುತ್ತಿರುವ ಚರ್ಮವನ್ನು ಮೊದಲು ಬಿಚ್ಚಿಸಿ

ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಒಬ್ಬರು ಹಳೆಯ ಮರದ ಬಿಲ್ಲುಗಳನ್ನು ಮಾರುತ್ತಿದ್ದಾರೆ. ಬಿಲ್ಲು ಒಂದೇ ಮೊಳೆಗೆ ಹೆದೆಯಿಂದ ತೂಗಾಡುತ್ತಿರುವ ಚಿತ್ರ ಬಂದರೆ, ಮೇಲಿನ ಲಿಂಬ್‌ಗೆ ಅಂದರೆ ಹಿಡಿಯ ಮೇಲಿನ ಬಾಗುವ ತೋಳಿಗೆ ಕಂದು ಬಣ್ಣದ ಚರ್ಮದ ಪಟ್ಟಿ ಸುತ್ತಿದ್ದರೆ, ದಯವಿಟ್ಟು ಮುಂಗಡ ಕಳಿಸಬೇಡಿ. ನಿನ್ನೆ ರಾತ್ರಿ ಗೆಳೆಯರೊಬ್ಬರು ಅಂಥದ್ದೇ ಚಿತ್ರ ಕಳಿಸಿ, "ಇದು ಹೇಗಿದೆ, ತೆಗೆದುಕೊಳ್ಳಲೇ?" ಎಂದು ಕೇಳಿದರು. ಬಿಲ್ಲು ಬೇರೆ. ಗೋಡೆ ಅದೇ, ಮೊಳೆ ಅದೇ. ಎರಡು ತಿಂಗಳ ಹಿಂದೆ ಅವರಿಂದಲೇ ಒಂದು ಬಿಲ್ಲು ಕೊಂಡು ಮೋಸಹೋದವನು ನಾನು. ಅಂದಿನಿಂದ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಆ ಚಿತ್ರ ನೋಡಿದ ಮೇಲೆ ನಿದ್ರೆ ಬರಲಿಲ್ಲ.

ನಾನು ಮೈಸೂರಿನವನು. ಆರು ವರ್ಷಗಳಿಂದ ಬಿಲ್ಲು ಹಿಡಿಯುತ್ತಿದ್ದೇನೆ, ಅಂದರೆ ಏನೂ ತಿಳಿಯದವನಲ್ಲ. ಅದೇ ಹೆಚ್ಚು ನೋಯಿಸುತ್ತಿದೆ. ಬಿದಿರಿನ ಬಿಲ್ಲಿನಿಂದ ಶುರು ಮಾಡಿದವನಿಗೆ ಮರದ ಪದರಗಳ ಎರಡೂ ಬದಿಗೆ ಫೈಬರ್‌ಗ್ಲಾಸ್ ಅಂಟಿಸಿದ, ಇಡಿಯಾಗಿ ಒಂದೇ ತುಂಡಾಗಿರುವ ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲೊಂದು ಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಹೊಸದನ್ನು ಹೊರದೇಶದಿಂದ ತರಿಸುವಷ್ಟು ಶಕ್ತಿ ನನಗಿಲ್ಲ. ಅವರ ಬಳಿಯಿದ್ದ ಈ ಬಿಲ್ಲು 60 ಇಂಚು ಉದ್ದ, 28 ಇಂಚಿನ ಎಳೆತಕ್ಕೆ 45 ಪೌಂಡ್ ಬಲ ಬೇಕು ಎಂದು ಲಿಂಬ್ ಮೇಲೆ ಶಾಯಿಯಲ್ಲಿ ಬರೆದಿತ್ತು. ಮಾರುವವರ ಭಾವ ಅಮೆರಿಕದಿಂದ ತಂದದ್ದಂತೆ, 10 ಬಾಣ ಕೂಡ ಬಿಟ್ಟಿಲ್ಲವಂತೆ, ಒಂದು ಗೀರೂ ಇಲ್ಲವಂತೆ. 25,000 ರೂಪಾಯಿ ಹೇಳಿ 22,000ಕ್ಕೆ ಇಳಿದರು. ಇಳಿದಾಗ ನಾನೇ ಗೆದ್ದೆ ಎಂದುಕೊಂಡೆ.

ಶನಿವಾರ ಸಂಜೆ ಅವರ ಮನೆ ತಲುಪಿದಾಗ ಏಳು ಗಂಟೆ. ಮಂಕು ಟ್ಯೂಬ್‌ಲೈಟಿನ ಹಜಾರ. ಹಗಲಿನಲ್ಲಿ ಬರುತ್ತೇನೆಂದು ನಾನು ಎರಡು ಸಲ ಕೇಳಿದ್ದೆ. ಅವರಿಗೆ ಸಂಜೆಯೇ ಬಿಡುವಂತೆ. ಅವರ ತಾಯಿ ಒಳಗಿನಿಂದ ಕಾಫಿ ತಂದುಕೊಟ್ಟರು, ಮೈಸೂರಿನಿಂದ ಬಂದಿರಾ, ಊಟ ಮಾಡಿಕೊಂಡು ಹೋಗಿ ಎಂದರು. ಆ ತಾಯಿಯ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ. ಆದರೆ ಆ ಕಾಫಿ ಕುಡಿದ ಮೇಲೆ ಟಾರ್ಚು ಹೊರತೆಗೆಯಲು ನನ್ನ ಕೈ ಬರಲಿಲ್ಲ. ಟಾರ್ಚು ಚೀಲದಲ್ಲೇ ಇತ್ತು. ಅದಕ್ಕಾಗಿಯೇ ಒಯ್ದಿದ್ದೆ.

ಬಿಲ್ಲು ಗೋಡೆಯ ಮೇಲೆ ಹೆದೆ ಏರಿಸಿದ ಸ್ಥಿತಿಯಲ್ಲೇ ತೂಗುತ್ತಿತ್ತು. "ಯಾವಾಗಲೂ ಹೀಗೇ ಇಡುತ್ತೀರಾ?" ಎಂದೆ. "ಇಲ್ಲ ಸರ್, ನೀವು ಬರುತ್ತೀರೆಂದು ಈಗಷ್ಟೇ ಏರಿಸಿದೆ" ಎಂದರು. ಹೆದೆಯ ಮೇಲೆ ಮೊಳೆ ತಾಗುವ ಜಾಗದಲ್ಲಿ ತುಕ್ಕಿನ ಕಲೆ ಇತ್ತು. ಈಗಷ್ಟೇ ಏರಿಸಿದ ಹೆದೆಗೆ ತುಕ್ಕು ಹತ್ತುತ್ತದೆಯೇ? ಆ ಕಲೆಯನ್ನು ನಾನು ನೋಡಿದೆ. ನೋಡಿಯೂ ಸುಮ್ಮನಾದೆ. ಹೆದೆ ಏರಿಸಲು ಬಳಸುವ ಹಗ್ಗ, ಸ್ಟ್ರಿಂಗರ್, ಎಲ್ಲಿ ಎಂದರೆ, "ಅದೆಲ್ಲ ಬೇಡ ಸರ್, ಕಾಲಿನ ನಡುವೆ ತೂರಿಸಿ ಬಗ್ಗಿಸಿದರೆ ಆಯಿತು" ಎಂಬ ಉತ್ತರ ಬಂತು. ಹಾಗೆ ಬಗ್ಗಿಸಿಯೇ ಎಷ್ಟೋ ಬಿಲ್ಲುಗಳ ಲಿಂಬ್ ತಿರುಚಿಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ತುದಿಯಿಂದ ಕಣ್ಣಳತೆ ಮಾಡಿದೆ. ಮೇಲಿನ ಲಿಂಬ್‌ನಲ್ಲಿ ಹೆದೆ ನಡುಗೆರೆಗಿಂತ ಒಂದು ಪಕ್ಕಕ್ಕೆ ಸರಿದಂತೆ ಕಂಡಿತು. "ಬೆಳಕಿನ ದೋಷ ಸರ್." ಸರಿ ಎಂದೆ.

ಆಮೇಲೆ ಆ ಚರ್ಮ. ಮೇಲಿನ ಲಿಂಬ್‌ನ ನಡುಭಾಗದಲ್ಲಿ ನಾಲ್ಕು ಬೆರಳಗಲದ ಪಟ್ಟಿ, ಒಳಬದಿಗೆ ಅಚ್ಚುಕಟ್ಟಾಗಿ ಹೊಲಿದಿದ್ದರು. ಇದೇನು ಎಂದು ಕೇಳಿದೆ. "ಅಲಂಕಾರ ಸರ್. ಮಂಗೋಲಿಯಾದವರ ಶೈಲಿ." ಅಮೆರಿಕದ ಬಿಲ್ಲಿಗೆ ಮಂಗೋಲಿಯಾದ ಅಲಂಕಾರ, ಅದೂ ಒಂದೇ ಲಿಂಬ್‌ಗೆ. ಹೆಬ್ಬೆರಳಿನಿಂದ ಒತ್ತಿದಾಗ ಕೆಳಗೆ ಸಣ್ಣ ಉಬ್ಬು ತಗುಲಿತು. ಆ ಉಬ್ಬು ಈಗಲೂ ನನ್ನ ಬೆರಳಿನ ನೆನಪಿನಲ್ಲಿದೆ. ಬಿಚ್ಚಿ ತೋರಿಸಿ ಎಂದು ಎರಡೇ ಮಾತು ಹೇಳಬೇಕಿತ್ತು. ಹೊಲಿಗೆ ಹಾಳಾದರೆ ಅವರಿಗೆ ಬೇಸರವಾದೀತು ಎಂದುಕೊಂಡೆ. ಯಾರ ಬೇಸರದ ಬಗ್ಗೆ ಯೋಚಿಸುತ್ತಿದ್ದೆ ನೋಡಿ!

ಇನ್ನೊಂದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಅವರು ಬಿಲ್ಲನ್ನು ಕೈಗೆ ತೆಗೆದುಕೊಂಡು, "ಇದರ ಟಂಕಾರ ಕೇಳಿ ಸರ್" ಎಂದು ಹೆದೆಯನ್ನು ಅರ್ಧದವರೆಗೆ ಎಳೆದು ಬಿಟ್ಟರು. ಬಾಣವಿಲ್ಲದೆ. ಬರಿದಾಗಿ. ಹಜಾರವೆಲ್ಲ ಝೇಂಕರಿಸಿತು. ಬಾಣವಿದ್ದರೆ ಲಿಂಬ್‌ನಲ್ಲಿ ತುಂಬಿದ ಬಲದ ಬಹುಪಾಲು ಬಾಣದ ಜೊತೆ ಹೋಗುತ್ತದೆ. ಬಾಣವಿಲ್ಲದಿದ್ದರೆ ಆ ಪೆಟ್ಟನ್ನು ಬಿಲ್ಲೇ ತಿನ್ನಬೇಕು. ನಮ್ಮಲ್ಲಿಗೆ ಕಲಿಯಲು ಬರುವ ಮಕ್ಕಳಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಇದು. ಎದೆ ಧಸಕ್ಕೆಂದಿತು. ಆದರೂ ಆ ನಾದ ಕೇಳಿ ಒಳಗೊಳಗೇ ಖುಷಿಯಾಯಿತು, ಎಂಥ ಬಿಲ್ಲು ಸಿಕ್ಕಿತು ಎಂದು. ಒಬ್ಬ ಮಾರುವವನು ನನ್ನ ಕಣ್ಣೆದುರೇ ಬರಿ ಬಿಲ್ಲು ಬಿಡುತ್ತಾನೆ, ನಾನು ಹಣ ಎಣಿಸಿ ಕೊಡುತ್ತೇನೆ. ಮೋಸಹೋದ ಗಳಿಗೆ ಅದೇ. ಬಿಲ್ಲು ಮುರಿದ ಗಳಿಗೆಯಲ್ಲ.

ಮರುದಿನ ಬೆಳಿಗ್ಗೆ ನಂಜನಗೂಡು ರಸ್ತೆಯ ಪರಿಚಯದವರ ತೆಂಗಿನ ತೋಟಕ್ಕೆ ಹೋದೆ. ಅಲ್ಲಿ ಹುಲ್ಲಿನ ಪೆಂಡಿಗಳನ್ನು ಒಟ್ಟಿ ಗುರಿ ಮಾಡಿಕೊಂಡಿದ್ದೇವೆ. 11 ವರ್ಷದ ಮಗಳು ಹಟ ಹಿಡಿದು ಜೊತೆಗೆ ಬಂದಳು. ಹಿಂದಿನ ರಾತ್ರಿ ಇಳಿಸಿಟ್ಟಿದ್ದ ಹೆದೆಯನ್ನು ನನ್ನ ಸ್ಟ್ರಿಂಗರ್‌ನಿಂದಲೇ ಏರಿಸಿದೆ. ಹಿಡಿಯ ಆಳದಿಂದ ಹೆದೆಗೆ ಅಳೆದರೆ ಆರೇ ಇಂಚು. ಇಂಥ ಬಿಲ್ಲಿಗೆ ಏಳೂವರೆಯಿಂದ ಎಂಟು ಇಂಚಾದರೂ ಬೇಕು. ಹೆದೆಯನ್ನು ಇನ್ನಷ್ಟು ಹುರಿಗೊಳಿಸಿ ಏಳಕ್ಕೆ ತಂದೆ. ಆಗ ಹೆದೆಯ ನೂಲನ್ನು ಸರಿಯಾಗಿ ನೋಡಿದೆ: ಎಳೆದರೂ ಜಗ್ಗದ ಹೊಸ ಕಾಲದ ತೆಳು ನೂಲು. ಆ ಹಳೆಯ ಬಿಲ್ಲುಗಳನ್ನು ಡೇಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ ಹೆದೆಗೆಂದು ಮಾಡಿದ್ದು. ಡೇಕ್ರಾನ್ ಸ್ವಲ್ಪ ಜಗ್ಗಿ ಪೆಟ್ಟನ್ನು ತಾಳಿಕೊಳ್ಳುತ್ತದೆ. 1980ರ ದಶಕದಲ್ಲಿ ಬಂದ ಈ ಜಗ್ಗದ ನೂಲುಗಳಿಗೆ ಬಲಪಡಿಸಿದ ತುದಿಗಳೇ ಬೇಕು. ಹಳೆಯ ಬಿಲ್ಲಿನ ತುದಿಯನ್ನು ಅವು ಕೊರೆಯುತ್ತವೆ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಇವತ್ತೊಂದು ದಿನ, ನಾಳೆ ಹೆದೆ ಬದಲಾಯಿಸೋಣ ಎಂದುಕೊಂಡೆ.

10 ಇಂಚು ಎಳೆದು ನಿಧಾನ ಬಿಟ್ಟುಕೊಟ್ಟೆ, 15 ಇಂಚು, 20 ಇಂಚು. ಇಪ್ಪತ್ತರಲ್ಲಿ ಒಂದು ಸಣ್ಣ 'ಟಿಕ್' ಸದ್ದು. ಹೆದೆಯ ಕುಣಿಕೆ ತುದಿಯಲ್ಲಿ ಕೂತುಕೊಂಡ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆರು ಬಾಣಗಳು ಚೆನ್ನಾಗಿಯೇ ಹೋದವು. ಏಳನೆಯದನ್ನು ಎಳೆದು ಕೆನ್ನೆಗೆ ತಾಗಿಸುತ್ತಿದ್ದಂತೆ ಒಣ ಬಿದಿರು ಸೀಳಿದ ಹಾಗೆ ಸದ್ದಾಯಿತು. ಕಣ್ಣು ಬಿಟ್ಟಾಗ ನೆಲದ ಮೇಲೆ ಕೂತಿದ್ದೆ. ಕನ್ನಡಕದ ಒಂದು ಕಡ್ಡಿ ಇರಲಿಲ್ಲ. "ಅಪ್ಪ, ರಕ್ತ" ಎಂದಳು ಮಗಳು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕನ್ನಡಕವಿಲ್ಲದಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ವೈದ್ಯರು. ಮಗಳು ನನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿದ್ದಳು. ಮುರಿದ ತುಂಡು ಅವಳ ಪಕ್ಕದ ತೆಂಗಿನ ಬುಡಕ್ಕೆ ಹೋಗಿ ಬಿದ್ದಿತ್ತು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಮನೆಗೆ ಬಂದು ಬ್ಲೇಡಿನಿಂದ ಚರ್ಮದ ಹೊಲಿಗೆ ಕತ್ತರಿಸಿದೆ. ಲಿಂಬ್‌ನ ಅಡ್ಡಕ್ಕೆ, ಅಂಚಿನಿಂದ ಅಂಚಿಗೆ ಬಿರುಕು. ಉದ್ದಕ್ಕೆ ಓಡುವ ಕೂದಲೆಳೆಯಂಥ ಗೆರೆಯಾದರೆ ಎಷ್ಟೋ ಸಲ ಮೇಲಿನ ವಾರ್ನಿಷಿನದೇ ಆಗಿರುತ್ತದೆ. ಅಡ್ಡ ಬಿರುಕು ಎಂದರೆ ಆ ಬಿಲ್ಲಿನ ಕಥೆ ಮುಗಿದ ಹಾಗೆ. ಬಿರುಕಿನೊಳಗೆ ತಕ್ಷಣ ಅಂಟುವ ಅಗ್ಗದ ಅಂಟು ಗಾಜಿನ ಹನಿಗಳಂತೆ ಗಟ್ಟಿಯಾಗಿತ್ತು. ಅದರ ಮೇಲೆ ಉಜ್ಜುಕಾಗದದ ಗೀರುಗಳು, ಅದರ ಮೇಲೆ ಹೊಸ ವಾರ್ನಿಷ್, ಅದರ ಮೇಲೆ ಚರ್ಮ. ಇಷ್ಟು ತಾಳ್ಮೆಯಿಂದ ಕೆಲಸ ಮಾಡಿದ ಕೈಗೆ ಒಳಗೇನಿದೆ ಎಂದು ಗೊತ್ತಿರಲಿಲ್ಲವೇ?

ಎಲ್ಲದರ ಚಿತ್ರ ತೆಗೆದು ಕಳಿಸಿದೆ. ಮೊದಲ ಉತ್ತರ: "ಅಯ್ಯೋ, ಹೇಗಾಯಿತು ಸರ್? ಹುಷಾರಾಗಿದ್ದೀರಾ?" ಮನುಷ್ಯತ್ವವಿದೆ ಎಂದುಕೊಂಡೆ. ಹಣದ ಮಾತು ಎತ್ತಿದ ಕೂಡಲೇ ಧಾಟಿ ಬದಲಾಯಿತು. "ಇಲ್ಲಿಂದ ಹೋಗುವಾಗ ಸರಿಯಾಗಿತ್ತು." ಆಮೇಲೆ, "ನೀವು ಹೆಚ್ಚು ಎಳೆದಿರಬೇಕು." ನನ್ನ ಎಳೆತ 27 ಇಂಚು, ಬಿಲ್ಲಿನ ಮೇಲೆ ಬರೆದದ್ದು 28. ಹಾಗೆಂದು ತಿಳಿಸಿದೆ. "ಹಾಗಾದರೆ ಬಾಣ ಹಗುರವಾಗಿರಬೇಕು." ನನ್ನ ಬಾಣಗಳು 480 ಗ್ರೇನ್, ಸುಮಾರು 31 ಗ್ರಾಂ. ಬಿಲ್ಲಿನ ಬಲದ ಒಂದೊಂದು ಪೌಂಡಿಗೆ ಹತ್ತು ಗ್ರೇನಿಗಿಂತ ಹೆಚ್ಚೇ ಬೀಳುತ್ತದೆ, ಅಂಥ ಬಿಲ್ಲಿಗೆ ಇನ್ನೆಷ್ಟು ಭಾರ ಬೇಕು? ಅದನ್ನೂ ತಿಳಿಸಿದೆ. "ಮರ ಅಂದ ಮೇಲೆ ಮುರಿಯುತ್ತದೆ ಸರ್. ಶಿವಧನುಸ್ಸೇ ಮುರಿಯಿತಲ್ಲ." ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವನಿಗೆ ಬರೆಯುವ ಮಾತೇ ಇದು? ಕೊನೆಗೆ: "ನೀವೇ ನೋಡಿ ತೆಗೆದುಕೊಂಡಿರಲ್ಲವೇ?"

ನಾನೇ ನೋಡಿ ತೆಗೆದುಕೊಂಡೆ. ಆ ಒಂದು ವಾಕ್ಯಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ರಸೀದಿ ಇಲ್ಲ, ಅರ್ಧ ಹಣ ನಗದಾಗಿ ಕೊಟ್ಟದ್ದು. ಹೆಂಡತಿ ಎಷ್ಟು ಕೊಟ್ಟಿರಿ ಎಂದು ಕೇಳಿದಾಗ 12,000 ಎಂದು ಸುಳ್ಳು ಹೇಳಿದೆ. ಇದನ್ನು ಓದುವಾಗ ಅವಳಿಗೆ ನಿಜ ತಿಳಿಯುತ್ತದೆ, ತಿಳಿಯಲಿ.

ಎರಡು ವಾರಗಳ ನಂತರ ನಮ್ಮ ಅಭ್ಯಾಸಕ್ಕೆ ಬರುವ ಹಿರಿಯರೊಬ್ಬರಿಗೆ ಮುರಿದ ತುಂಡುಗಳನ್ನು ತೋರಿಸಿದೆ. ಅವರು ಶಾಯಿಯ ಬರಹ ನೋಡಿ, "ಈ ಬಿಲ್ಲನ್ನು ಹೋದ ವರ್ಷ ನನಗೂ ತೋರಿಸಿದ್ದರಲ್ಲಯ್ಯ" ಎಂದರು. ಲಿಂಬ್ ಬಿರಿದಿದೆ, ಹೊಡೆಯಲು ಬಾರದು, ಗೋಡೆಗೆ ಚೆನ್ನಾಗಿ ಕಾಣುತ್ತದೆ ಎಂದು ಹೇಳಿ 4,000 ಕೇಳಿದ್ದರಂತೆ. ಆಗ ಚರ್ಮ ಇರಲಿಲ್ಲವಂತೆ. ಅಂದರೆ ಗೊತ್ತಿತ್ತು. ಗೊತ್ತಿದ್ದೇ ಅಂಟು, ಗೊತ್ತಿದ್ದೇ ವಾರ್ನಿಷ್, ಗೊತ್ತಿದ್ದೇ ಚರ್ಮ. ಗೊತ್ತಿದ್ದೇ ನನ್ನ ಮುಂದೆ ಟಂಕಾರ ಮಾಡಿದ್ದು. ಅರ್ಧಕ್ಕೇ ಏಕೆ ಎಳೆದರು ಎಂಬುದು ನನಗೆ ಆಗ ಹೊಳೆಯಿತು.

ಫೋನು ಮಾಡಿ ಕೇಳಿದೆ. ಅವರು ತಡವರಿಸಲೂ ಇಲ್ಲ. "ಗೋಡೆಗೆ ಎಂದು ಹೇಳಿದ್ದು ಅವರಿಗೆ ಸರ್, ನಿಮಗಲ್ಲ" ಎಂದರು. ಆ ದಿನದಿಂದ ನನ್ನ ಕರೆ ಹೋಗುತ್ತಿಲ್ಲ.

ಹಳೆಯ ಬಿಲ್ಲು ನೋಡಲು ಹೋಗುವವರು ಹಗಲಿನಲ್ಲೇ ಹೋಗಿ. ಹಗಲು ಬೇಡ ಎಂದವರ ಬಿಲ್ಲೂ ಬೇಡ. ಸುತ್ತಿದ ಚರ್ಮ, ದಾರ, ಸ್ಟಿಕರ್ ಏನಿದ್ದರೂ ಬಿಚ್ಚಿಸಿ; ಬಿಚ್ಚಲಾರೆ ಎಂದರೆ ಎದ್ದು ಬನ್ನಿ, ಕಾಫಿ ಆರಿಹೋದರೂ ಪರವಾಗಿಲ್ಲ. ಲಿಂಬ್‌ನ ಅಂಚಿನುದ್ದಕ್ಕೂ ಸ್ವಲ್ಪ ಹತ್ತಿ ಎಳೆಯಿರಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಟಾರ್ಚು ಹಿಡಿಯಿರಿ. ಪದರಗಳು ಬಿಟ್ಟುಕೊಂಡಿವೆಯೇ ಎಂದು ಅಂಟಿನ ಗೆರೆಗೆ ತೆಳು ಕಾಗದದ ಅಂಚನ್ನು ತಾಗಿಸಿ ನೋಡಿ. ಹೆದೆ ಏರಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ತುದಿಯಿಂದ ಕಣ್ಣಳತೆ ಮಾಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ಎಳೆಯುತ್ತ ಕಿವಿ ಕೊಡಿ, ಬರಿ ಹೆದೆಯನ್ನು ಬಿಡಬೇಡಿ. 'ಟಿಕ್' ಎಂದರೆ ಅಲ್ಲಿಗೆ ಮುಗಿಯಿತು, ಅದಕ್ಕೆ ನನ್ನ ಹಾಗೆ ನೆಪ ಹುಡುಕಬೇಡಿ. ಹೆದೆ ಯಾವ ನೂಲಿನದು ಎಂದು ಕೇಳಿ. ಹಳೆಯ ಬಿಲ್ಲಾದರೆ ಡೇಕ್ರಾನ್ ಹಾಕಿ, ಜೇನುಮೇಣ ಸವರಿ. ಕೊಂಡ ಮೇಲೆ ಹೆದೆ ಇಳಿಸಿ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿ. ಮೂಲೆಗೆ ಒರಗಿಸಬೇಡಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಆ ಕಾವಿಗೆ ಅಂಟು ಸಡಿಲವಾಗುತ್ತದೆ. ಮೊದಲ ಕೆಲವು ದಿನ ಕನ್ನಡಕ ಹಾಕಿಕೊಂಡೇ ಬಾಣ ಬಿಡಿ, ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ. ಮಕ್ಕಳನ್ನು ನಿಲ್ಲಿಸಬೇಡಿ.

ಮಗಳು ಎರಡು ತಿಂಗಳಿಂದ ತೋಟಕ್ಕೆ ಬಂದಿಲ್ಲ. ತನ್ನ ಸಣ್ಣ ಬಿದಿರಿನ ಬಿಲ್ಲನ್ನು ಮಂಚದ ಕೆಳಗೆ ತಳ್ಳಿದ್ದಾಳೆ. ಕರೆದರೆ ಓದುವುದಿದೆ ಎನ್ನುತ್ತಾಳೆ.

ನಿನ್ನೆ ಚಿತ್ರ ಕಳಿಸಿದ ಗೆಳೆಯರಿಗೆ ಬೇಡ ಎಂದಿದ್ದೇನೆ. ಬೇರೆ ಯಾರಾದರೂ ಆ ಬಿಲ್ಲಿಗೆ ಮಾತು ಕೊಟ್ಟಿದ್ದರೆ, ನೋಡಲು ಹೋಗುವ ದಿನ ನನಗೆ ತಿಳಿಸಿ. ಮೈಸೂರಿನಿಂದ ಬೆಳಿಗ್ಗೆಯ ರೈಲಿಗೆ ನಾನೂ ಬರುತ್ತೇನೆ. ಈ ಸಲ ಟಾರ್ಚನ್ನು ಚೀಲದಲ್ಲಿ ಇಡುವುದಿಲ್ಲ.